ನೀರು ಚಿಮುಕಿಸಿದ ಸೊಪ್ಪು

ಸೊಪ್ಪಿಗೆ ನೀರು ಚಿಮುಕಿಸಬಾರದು ಎಂದು ನಾಗಮಣಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಮಾತು ಅದು ಎಂದು ಯಾರಿಗೂ ಹೊಳೆದಿರಲಿಲ್ಲ. ಬೇವಿನಕುಂಟೆಯ ಕಟ್ಟಳೆಗಳೆಲ್ಲ ಹಾಗೆಯೇ. ಮೀರುವ ತನಕ ಅವು ಎಲ್ಲಿವೆ ಎಂದೇ ಕಾಣುವುದಿಲ್ಲ. ಮೀರಿದ ದಿನ ಮಾತ್ರ ಊರಿಗೆ ಊರೇ ಬಾಯಿಪಾಠ ಒಪ್ಪಿಸುತ್ತದೆ.

ಅಂಗಡಿಯೆಂದರೆ ಭಾರಿ ಅಂಗಡಿಯೇನಲ್ಲ. ಆಂಧ್ರದ ಮಡಕಶಿರದಿಂದ ಪಾವಗಡಕ್ಕೆ ಹೋಗುವ ರಸ್ತೆ ಊರಿನ ಹತ್ತಿರ ತಿರುಗುವ ಕಡೆ, ಬಸ್ ನಿಲ್ದಾಣದ ಪಕ್ಕ, ನಾಲ್ಕು ಜಾಲಿ ಕಂಬ ನೆಟ್ಟು, ಮೇಲೆ ಈಚಲು ಗರಿ ಹೊದಿಸಿ, ಕೆಳಗೆ ಗೋಣಿತಾಟು ಹಾಸಿದ್ದರು. ಹಿಂದೆಯೇ ಹೊಲ. ಹೊಲದಲ್ಲಿ ಕಿತ್ತದ್ದು ಮಣ್ಣು ಆರುವ ಮೊದಲೇ ಅಂಗಡಿಯಲ್ಲಿರುತ್ತಿತ್ತು. ಕಡಲೇಕಾಯಿ ಕಾಲಕ್ಕೆ ಕಡಲೇಕಾಯಿ, ಸುಗ್ಗಿಯಾದ ಮೇಲೆ ರಾಗಿ, ಹುರುಳಿ. ಮಿಕ್ಕ ದಿನವೆಲ್ಲ ಸೊಪ್ಪು: ದಂಟು, ಮೆಂತ್ಯ, ಕೊತ್ತಂಬರಿ, ಪಾಲಕ್.

ಆ ಹೊಲ ಸರ್ಕಾರ ಕೊಟ್ಟ ಡಿ ಪಟ್ಟಾ ಭೂಮಿ. ಎಸ್ಸಿ ಕಾಲನಿಯವರಿಗೆ ಕೊಡುವಾಗ ಸರ್ಕಾರದ ಕಣ್ಣು ಬಹಳ ಚುರುಕು. ಊರಿನಲ್ಲಿ ಯಾರಿಗೂ ಬೇಡವಾದ ಗುಡ್ಡದ ಬುಡವನ್ನೇ ಹುಡುಕಿ ಕೊಟ್ಟಿತ್ತು. ನಾಗಮಣಿಯ ಅತ್ತೆ ಕೆಂಪಕ್ಕ ಮದುವೆಯಾಗಿ ಬಂದ ಮಾರನೆಯ ದಿನದಿಂದ ಅಲ್ಲಿ ಕಲ್ಲು ಆಯ್ದಳು. ಬಸುರಿಯಾಗಿದ್ದಾಗಲೂ ಆಯ್ದಳು, ಬಾಣಂತಿಯಾಗಿದ್ದಾಗಲೂ ಆಯ್ದಳು, ಗಂಡ ಸತ್ತ ಮೇಲೂ ಆಯ್ದಳು. ಈಗ ಅವಳ ಸೊಂಟ ನೆಟ್ಟಗಾಗುವುದಿಲ್ಲ. ಬದುವಿನ ಮೇಲೆ ಒಟ್ಟಿದ ಕಲ್ಲು ಆಳೆತ್ತರ ಇದೆ. ಮಗ ಸೂರಪ್ಪ ಬೋರು ಕೊರೆಸಿ ನೀರು ಬಿದ್ದ ದಿನ ಅವಳು ನಗಲಿಲ್ಲ, ಅಳಲಿಲ್ಲ. ಹರಿದು ಬಂದ ನೀರಿನಲ್ಲಿ ಕಾಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಊರಿನವರು ಅವರ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಊರಿನವರು ಬೇಜಾರು ಮಾಡಿಕೊಳ್ಳುತ್ತಾರೆ. ತಾವು ಅಂಥವರಲ್ಲ ಎನ್ನುವುದಕ್ಕೆ ಆ ಅಂಗಡಿಯನ್ನೇ ತೋರಿಸುತ್ತಿದ್ದರು. ಒಣಗಿದ್ದಕ್ಕೆ ಮೈಲಿಗೆಯಿಲ್ಲ. ಕಡಲೇಕಾಯಿಗೆ ಸಿಪ್ಪೆಯಿದೆ. ರಾಗಿಯನ್ನು ಹೇಗೂ ಮಿಲ್ಲಿಗೆ ಹಾಕಿಸುತ್ತಾರೆ. ಸೊಪ್ಪಿನ ಬೇರಿಗೆ ಮಣ್ಣು ಅಂಟಿರುತ್ತದೆ, ಮನೆಗೆ ಒಯ್ದು ತಮ್ಮ ನೀರಿನಲ್ಲಿ ತೊಳೆದರೆ ತಮ್ಮದಾಯಿತು. ಹಾಲು, ಮಜ್ಜಿಗೆ, ಎಣ್ಣೆ ಮಾತ್ರ ಆ ಕೈಯಿಂದ ಆಗದು. ಕೆಂಪಕ್ಕನ ಎಮ್ಮೆಯ ಹಾಲು ದಿನವೂ ಡೈರಿಯ ಕ್ಯಾನಿಗೆ ಹೋಗಿ ಊರ ಹಾಲಿನ ಜೊತೆ ಬೆರೆಯುತ್ತದೆ. ಆ ಕ್ಯಾನಿನ ಮಾತನ್ನು ಯಾರೂ ಎತ್ತುವುದಿಲ್ಲ.

ನಾಗಮಣಿ ಈ ಅಂಗಡಿಗೆ ಬಂದದ್ದು ತಡವಾಗಿ. ಮದುವೆಯಾಗಿ ಬಹಳ ವರ್ಷ ಅವಳು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದಳು. ಆಗ ಮಡಕಶಿರದ ಕಡೆಯ ಹಳ್ಳಿಗಳಲ್ಲಿ ಮಶೀನು ತುಳಿಯಬಲ್ಲ ಹೆಂಗಸರು ಉಳಿಯುತ್ತಿರಲಿಲ್ಲ. ಕೆಲವರು ಹಿಂದೂಪುರಕ್ಕೆ, ಕೆಲವರು ದೊಡ್ಡಬಳ್ಳಾಪುರಕ್ಕೆ, ಮಿಕ್ಕವರು ಬೆಂಗಳೂರಿಗೆ. ಹೇಳಿದಷ್ಟು ಪೀಸು ಇಳಿಯದಿದ್ದರೆ ಸೂಪರ್‌ವೈಸರ್ ಮುಖಕ್ಕೇ ಬಟ್ಟೆ ಎಸೆಯುತ್ತಿದ್ದ. ಒಂದಕ್ಕೆ ಹೋಗಬೇಕೆಂದರೆ ಕೈ ಎತ್ತಿ ಕೇಳಬೇಕು. ಕೇಳುವುದು ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಒಮ್ಮೆ ಸೂಜಿ ತೋರುಬೆರಳಿನ ಉಗುರು ತೂರಿ ಆಚೆ ಬಂದಿತ್ತು. ಆಗ ಅವಳು ಮೊದಲು ನೋಡಿದ್ದು ಬೆರಳನ್ನಲ್ಲ, ಬಿಳಿ ಕಾಲರಿಗೆ ರಕ್ತ ಹತ್ತಿತೇ ಎಂದು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಬರಲಿಲ್ಲ. ಬೈಗುಳ ಕಿವಿಯ ಹೊರಗೇ ನಿಂತುಬಿಡುತ್ತಿತ್ತು. ಒಳಗೆ ಏನೋ ಮರಗಟ್ಟಿತ್ತು. ಅದರಿಂದ ಬದುಕು ಸಲೀಸಾಯಿತು ಎಂದೇ ಅವಳು ತಿಳಿದಿದ್ದಳು.

ಅದೇ ಲೈನಿನಲ್ಲಿ ಪಕ್ಕದ ಮಶೀನು ಸೌಭಾಗ್ಯಳದು. ಅವಳೂ ಬೇವಿನಕುಂಟೆಯವಳೇ. ಊರೊಳಗಿನ ಗೌಡರಲ್ಲಿ ಅಷ್ಟೇನೂ ಇಲ್ಲದ ಮನೆಯ ಸೊಸೆ. ಬೆಂಗಳೂರಿನಲ್ಲಿ ಇಬ್ಬರದೂ ಒಂದೇ ವಠಾರ, ಒಂದೇ ನಲ್ಲಿ. ಮಧ್ಯಾಹ್ನ ಇಬ್ಬರ ಡಬ್ಬಿಯೂ ಒಂದೇ ಕಡೆ ಬಿಚ್ಚುತ್ತಿತ್ತು. ನಾಗಮಣಿಯ ಹುಣಸೆ ಚಿತ್ರಾನ್ನವೆಂದರೆ ಸೌಭಾಗ್ಯಳಿಗೆ ಪ್ರಾಣ. ಬೆರಳು ನೆಕ್ಕಿ, "ಲೇ ಮಣಿ, ನಾಳೀಕೂ ಇದನ್ನೇ ತಾರೇ" ಎನ್ನುತ್ತಿದ್ದಳು. ಹಬ್ಬಕ್ಕೆ ಊರಿಗೆ ಬರುವಾಗ ಬಸ್ಸಿನಲ್ಲಿ ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಮಾಡುತ್ತಿದ್ದರು. ಮಡಕಶಿರದ ಕೋಟೆಬೆಟ್ಟ ಕಂಡಿತೆಂದರೆ ಸೌಭಾಗ್ಯ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು. ಅಲ್ಲಿಂದ ಮುಂದಕ್ಕೆ ಅವಳು 'ಅಮ್ಮ', ಇವಳು 'ಏನೇ'. ಸೆರಗು ಸರಿಮಾಡಿಕೊಂಡ ಹಾಗೆ ಇಬ್ಬರೂ ಅದನ್ನು ಮಾಡಿಕೊಳ್ಳುತ್ತಿದ್ದರು.

ಒಂದು ಸೋಮವಾರ ಕೆಲಸಕ್ಕೆ ಹೋದರೆ ಫ್ಯಾಕ್ಟರಿಯ ಗೇಟಿಗೆ ಬೀಗ ಬಿದ್ದಿತ್ತು. ಒಳಗಿನ ಮಶೀನುಗಳನ್ನು ಶನಿವಾರವೇ ಲಾರಿಗೆ ಹೇರಿದ್ದರಂತೆ. ಹೆಂಗಸರು ಸ್ವಲ್ಪ ಹೊತ್ತು ಕೂಗಾಡಿದರು, ಸ್ವಲ್ಪ ಹೊತ್ತು ಫುಟ್‌ಪಾತಿನಲ್ಲಿ ಕೂತರು, ಆಮೇಲೆ ಊರಿನ ಬಸ್ಸು ಹತ್ತಿದರು. ಕೆಂಪಕ್ಕ ಒಬ್ಬಳೇ ನಡೆಸುತ್ತಿದ್ದ ಅಂಗಡಿಯಲ್ಲಿ ನಾಗಮಣಿ ಕೂತಳು. ಕಿತ್ತ ಸೊಪ್ಪನ್ನು ಕಟ್ಟು ಕಟ್ಟುವಾಗ ಅವಳ ಕೈ ಮಶೀನಿನ ಹಾಗೆ ಓಡುತ್ತಿತ್ತು. ಇಲ್ಲಿ ಬೈಯುವವರಿರಲಿಲ್ಲ. ನಾನು ಬೆಳೆದದ್ದು, ನಾನು ಕಟ್ಟಿದ್ದು, ನಾನು ಮಾರುವುದು ಎಂದುಕೊಂಡರೆ ಒಳಗೆ ಎಲ್ಲೋ ಬೆಚ್ಚಗಾಗುತ್ತಿತ್ತು. ಅದು ಅವಳ ಬದುಕಿನಲ್ಲಿ ಹೊಸದು.

ಯುಗಾದಿ ಕಳೆದು ಬಿಸಿಲು ಏರಿತು. ಹೊತ್ತು ನೆತ್ತಿಗೆ ಬರುವ ಮೊದಲೇ ಸೊಪ್ಪು ಕತ್ತು ಬಗ್ಗಿಸುತ್ತಿತ್ತು. ಕೆಂಪಕ್ಕ ಬಾಡಿದ್ದನ್ನು ಎಮ್ಮೆಗೆ ಹಾಕುತ್ತಿದ್ದಳು, ಅವಳಿಗೆ ಅದು ರೂಢಿ. ನಾಗಮಣಿ ಬೆಂಗಳೂರಿನಲ್ಲಿ ಬೇರೆ ಕಂಡಿದ್ದಳು. ಅಲ್ಲಿನ ಸೊಪ್ಪಿನವರು ಮಾತಾಡುತ್ತಲೇ ಕೈ ಅದ್ದಿ ಚಿಮುಕಿಸುತ್ತಾರೆ, ಸಂಜೆಯವರೆಗೂ ಸೊಪ್ಪು ಬಾಡುವುದಿಲ್ಲ. ಅವಳು ಬೋರಿನ ಹತ್ತಿರ ಹೋಗಿ ಬಕೆಟ್ಟು ತುಂಬಿಕೊಂಡು ಬಂದಳು. ಗೋಣಿತಾಟು ನೆನೆಸಿದಳು. ಬೊಗಸೆಯಲ್ಲಿ ನೀರೆತ್ತಿ ಸೊಪ್ಪಿನ ಮೇಲೆ ಚಿಮುಕಿಸಿದಳು. ಕೆಂಪಕ್ಕ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಸೊಪ್ಪು ಕಣ್ಣೆದುರಿಗೇ ಎದ್ದು ನಿಂತಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

ಆವತ್ತು ಬಸ್ಸಿನವರು ಇಳಿದು ಕೊಂಡರು, ಬೈಕಿನವರು ನಿಲ್ಲಿಸಿ ಕೊಂಡರು. ಸೌಭಾಗ್ಯಳೂ ಬಂದು ಎರಡು ಕಟ್ಟು ದಂಟು, ಒಂದು ಕಟ್ಟು ಕೊತ್ತಂಬರಿ ಎತ್ತಿಕೊಂಡು ಹೋದಳು. ಮನೆಯಲ್ಲಿ ಪೂಜೆಯಿತ್ತು. ಅವಳು ಹೋಗಿ ಒಲೆಗೆ ಬೇಳೆ ಇಟ್ಟಿರಬೇಕು, ಅಷ್ಟರಲ್ಲಿ ಅವಳ ಅತ್ತೆ ಈಶ್ವರಮ್ಮ ಅದೇ ಸೊಪ್ಪನ್ನು ಮೊರದಲ್ಲಿ ಹಾಕಿಕೊಂಡು, ಮೊರವನ್ನು ಮೈಯಿಂದ ದೂರ ಹಿಡಿದುಕೊಂಡು ರಸ್ತೆಗೆ ಬಂದಳು. ಸೌಭಾಗ್ಯ ಹಿಂದೆ ಹಿಂದೆ.

"ಲೇ ಕೆಂಪಿ, ಈ ಸೊಪ್ಪಿಗೆ ನೀರು ಹಾಕಿದ್ದು ಯಾರೇ?"

ಕೆಂಪಕ್ಕ ಎದ್ದು ನಿಂತಳು. ಈಶ್ವರಮ್ಮ ಅವಳಿಗಿಂತ ಚಿಕ್ಕವಳು.

"ನಾನೇ ಹಾಕಿದ್ದು ಅಮ್ಮ, ಬಾಡ್ತಿತ್ತು" ಎಂದಳು ನಾಗಮಣಿ.

"ನಿನ್ ಕೈಯಾರೆ ಹಾಕಿದ್ಯಾ?"

"ಕೈಯಾಗಲ್ದೆ ಇನ್ಯಾತರಾಗೆ ಹಾಕ್ತಾರಮ್ಮ?"

"ನೋಡಿದ್ಯಾ ಇವಳ ಬಾಯ್ನ! ದೇವರಿಟ್ಟಿರೋ ಮನೆ ಕಣೇ ಇವತ್ತು. ಒದ್ದೆ ಸೊಪ್ಪು, ಹಿಂಗೇ ತಗಂಡೋಗಿ ಒಲೆ ಹತ್ರ ಇಟ್ಟವಳೆ ನನ್ ಸೊಸೆ. ಒಲೆ ಸಾರಿಸ್ಬೇಕು, ಎಲ್ಲಾರೂ ಮತ್ತೆ ತಲೆಗೆ ನೀರು ಹುಯ್ಕಬೇಕು. ಪಾಪ ಅಂತ ತಗಂಡ್ರೆ ತಲೆ ಮ್ಯಾಲೇ ಕೂತ್ಕತೀರಲ್ಲೇ!"

ಮೊರವನ್ನು ಅಂಗಡಿಯ ಮುಂದೆ ಬೋರಲು ಹಾಕಿದಳು. ಗೋಣಿತಾಟಿನ ಮೇಲಿದ್ದ ಸೊಪ್ಪನ್ನು ಮೊರದ ಅಂಚಿನಿಂದಲೇ ತಳ್ಳಿ ರಸ್ತೆಗೆ ಕೆಡವಿದಳು, ಕೈ ಸೋಕದ ಹಾಗೆ. ಬಸ್ಸಿಗೆ ಕಾಯುತ್ತಿದ್ದವರು ಎಲ್ಲರೂ ನೋಡಿದರು. ಒಂದು ಟ್ರಾಕ್ಟರು ಸೊಪ್ಪಿನ ಮೇಲೆ ಹಾದು ಹೋಯಿತು. ನಾಗಮಣಿ ಸೌಭಾಗ್ಯಳ ಮುಖ ನೋಡಿದಳು. ಸೌಭಾಗ್ಯ ಟ್ರಾಕ್ಟರಿನ ಮುಖ ನೋಡುತ್ತಿದ್ದಳು.

ಸಂಜೆ ಕೆರೆಯ ಕಡೆ ಹೋಗುವವಳ ಹಾಗೆ ಸೌಭಾಗ್ಯ ಒಬ್ಬಳೇ ಬಂದಳು. ದೂರದಲ್ಲೇ ನಿಂತು ಪಿಸುಗುಟ್ಟಿದಳು. "ಬೆಂಗ್ಳೂರೇ ಬ್ಯಾರೆ, ಇಲ್ಲೇ ಬ್ಯಾರೆ ಕಣೆ ಮಣಿ. ನಿಂಗೆ ಗೊತ್ತಿಲ್ವ? ನಾನೇನ್ ಮಾಡ್ಲಿ ಹೇಳು."

"ನಾನೇನೂ ಅಂದಿಲ್ವಲ್ಲ ಅಮ್ಮ" ಎಂದಳು ನಾಗಮಣಿ.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಗಾರ್ಮೆಂಟ್ಸಿನಲ್ಲಿ ಬಟ್ಟೆ ಮುಖಕ್ಕೆ ಬಡಿದಾಗ ಹೇಗೋ ಹಾಗೆ, ಕಿವಿಯಲ್ಲಿ ಗುಂಯ್ ಎಂದಿತು, ಅಷ್ಟೇ. ರಸ್ತೆಗೆ ಅಂಟಿದ ಸೊಪ್ಪನ್ನು ಕೆರೆದು ತೆಗೆದು ಎಮ್ಮೆಗೆ ಹಾಕಿದಳು.

ಮಾರನೆಯ ದಿನದಿಂದ ಊರಿನವರು ಬರಲಿಲ್ಲ. ಒಣ ರಾಗಿಯನ್ನೂ ಕೊಳ್ಳಲಿಲ್ಲ. ಬಸ್ಸಿನಿಂದ ಇಳಿದವರು ಅಂಗಡಿಯ ಕಡೆ ಬಂದರೆ ನಿಲ್ದಾಣದಲ್ಲಿ ಕೂತವರು ಯಾರಾದರೂ ಕೆಮ್ಮಿ, ತೆಲುಗಿನಲ್ಲೋ ಕನ್ನಡದಲ್ಲೋ ಒಂದು ಮಾತು ಹೇಳುತ್ತಿದ್ದರು. ಬಂದವರು ಹಾಗೇ ತಿರುಗುತ್ತಿದ್ದರು. ಸೊಪ್ಪೆಲ್ಲ ಎಮ್ಮೆಯ ಪಾಲಾಯಿತು. ಕೊನೆಗೆ ಎಮ್ಮೆಯೂ ಮೂತಿ ತಿರುಗಿಸಿತು.

ಆಗ ಬಂದ ಲಕ್ಷ್ಮೀನರಸಪ್ಪ. ಹಿಂದೆ ಸರ್ಪಂಚನಾಗಿದ್ದವನು, ಈಗಲೂ ಊರಿನ ಮಾತು ಅವನದೇ. ಗದರುವವನಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಗದರುವವರನ್ನಾದರೂ ತಿರುಗಿ ಬೈಯಬಹುದು, ಇಂಥವರ ಎದುರು ಬಾಯಿ ಕಟ್ಟಿಹೋಗುತ್ತದೆ. ಅವನು ಬೈಕು ನಿಲ್ಲಿಸುತ್ತಲೂ ಸೂರಪ್ಪ ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡ.

"ಏನ್ಲಾ ಸೂರ, ಯಾಪಾರ ಡಲ್ಲಂತೆ?"

"ಊರೋರು ಬರ್ತಿಲ್ಲ ಗೌಡ್ರೆ."

"ಬತ್ತಾರೆ ಕಣ್ಲಾ, ಬರ್ದೆ ಎಲ್ಲಿಗೆ ಹೋಗ್ತಾರೆ. ನಾನೇನು ಹಳೇ ಕಾಲದೋನಲ್ಲ. ಹಿಂದೂಪುರದಾಗೆ ಹೋಟ್ಲಿಗೆ ಹೋದ್ರೆ ಯಾರ ಕೈ ನೀರು ಅಂತ ಕೇಳ್ಕಂಡು ಕುಡಿತೀವಾ? ಆದ್ರೆ ಊರು ಅಂದ್ಮೇಲೆ ಹೆಂಗಸ್ರು, ಪೂಜೆ, ಪುನಸ್ಕಾರ. ಅವರ ಮನಸ್ಸೂ ನೋಯಬಾರ್ದು, ನಿಮ್ ಹೊಟ್ಟೆ ಮ್ಯಾಲೂ ಹೊಡಿಬಾರ್ದು. ಒಂದು ದಾರಿ ಐತೆ. ನಮ್ ತಮ್ಮನ ಮಗ ಗೋವರ್ಧನ ಸುಮ್ನೆ ಅಲೀತಾವನೆ. ಬೆಳಗ್ಗೆ ಬಂದು ಸೊಪ್ಪಿಗೆ ನೀರು ಚಿಮುಕ್ಸಿ ಹೋಗ್ತಾನೆ. ಬಿಂದಿಗೆ ಅವನೇ ತತ್ತಾನೆ. ಬೆಳಿಯೋದು, ಕೀಳೋದು, ಕಟ್ಟೋದು ನಿಮ್ದೇ."

ಕೆಂಪಕ್ಕ ಕಂಬ ಹಿಡಿದುಕೊಂಡು ನಿಂತಿದ್ದಳು. "ಗೌಡ್ರೆ, ಆ ಸೊಪ್ಪು ಹುಟ್ಟಿದಾಗ್ನಿಂದ ನಮ್ ಬೋರಿನ ನೀರೇ ಕುಡ್ದೈತಲ್ಲ. ಮಡಿಗೆ ನೀರು ತಿರುವಿದ್ದೂ ನಮ್ ಕೈಯೇ."

ಲಕ್ಷ್ಮೀನರಸಪ್ಪನಿಗೆ ಕೋಪ ಬರಲಿಲ್ಲ. ನಕ್ಕ. "ಬೇರು ಕುಡ್ದಿದ್ದು ಬ್ಯಾರೆ ಕಣೆ ಕೆಂಪಿ, ಎಲೆ ಮ್ಯಾಲೆ ಬಿದ್ದಿದ್ದು ಬ್ಯಾರೆ."

ಇಂಥ ಉತ್ತರಗಳು ಅವರ ನಾಲಗೆಯ ತುದಿಯಲ್ಲೇ ಇರುತ್ತವೆ. ತಾತ ಮುತ್ತಾತರು ಮಾಡಿಟ್ಟು ಹೋದ ಆಸ್ತಿ ಅದು. ಸೂರಪ್ಪ ನೆಲ ನೋಡುತ್ತಾ, "ಆಗ್ಲಿ ಗೌಡ್ರೆ" ಎಂದ. ನಾಗಮಣಿಯನ್ನು ಯಾರೂ ಕೇಳಲಿಲ್ಲ.

ಗೋವರ್ಧನ ಬಂದ. ಕಡ್ಡಿ ಎತ್ತಿ ಆಚೆ ಇಟ್ಟು ಗೊತ್ತಿಲ್ಲದ, ಎರಡು ಮಕ್ಕಳ ತಂದೆ. ಹಸಿರು ಪ್ಲಾಸ್ಟಿಕ್ ಬಿಂದಿಗೆ ತಂದ. ಅದಕ್ಕೆ ನೀರು ಇವರ ಬೋರಿನದೇ, ಆದರೆ ಪೈಪಿನ ಕೆಳಗೆ ಬಿಂದಿಗೆ ಹಿಡಿಯುವವನು ಅವನೇ. ನಾಗಮಣಿ ನಸುಕಿಗೆ ಎದ್ದು ಸೊಪ್ಪು ಕಿತ್ತು, ಕಟ್ಟು ಕಟ್ಟಿ, ಗೋಣಿತಾಟಿನ ಮೇಲೆ ಜೋಡಿಸಿ ದೂರ ನಿಲ್ಲುತ್ತಿದ್ದಳು. ಅವನು ಬಂದು, ದೇವರಿಗೆ ತೀರ್ಥ ಪ್ರೋಕ್ಷಣೆ ಮಾಡುವವನ ಹಾಗೆ ಬೆರಳ ತುದಿಯಿಂದ ನೀರು ಎರಚುತ್ತಿದ್ದ. ಊರಿನವರು ಮತ್ತೆ ಬಂದರು. ಈಶ್ವರಮ್ಮನೂ ಬಂದಳು. "ನೋಡು, ಅಷ್ಟೇ ಕಣಮ್ಮ ಇರೋದು. ಇದಕ್ಕೆ ಇಷ್ಟೆಲ್ಲ ಆಗ್ಬೇಕಿತ್ತಾ?" ಎಂದಳು, ಬಹಳ ಪ್ರೀತಿಯಿಂದ.

ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ ಗೋವರ್ಧನನದು. ಬಿಸಿಲಿಗೆ ಮತ್ತೆ ಮತ್ತೆ ಚಿಮುಕಿಸಬೇಕಲ್ಲ ಎಂದು ಕುರ್ಚಿ ತಂದು ಕೂತ. ಕೂತ ಮೇಲೆ ಕೊಳ್ಳುವವರ ಜೊತೆ ಅವನೇ ಮಾತಾಡಿದ. ಮಾತಿನ ಮೇಲೆ ಮಾತು ಬಂದು ಹಣವನ್ನೂ ಅವನೇ ಇಸಿದುಕೊಂಡು ಸಂಜೆ ಸೂರಪ್ಪನಿಗೆ ಕೊಡತೊಡಗಿದ. ನೀವು ಎದುರಿಗಿದ್ದರೆ ಕೆಲವರು ಹಿಂದೆಮುಂದೆ ನೋಡುತ್ತಾರೆ ಎಂದು ಕೆಂಪಕ್ಕನನ್ನೂ ನಾಗಮಣಿಯನ್ನೂ ಹಿಂದಿನ ಹೊಂಗೆಮರದ ಕೆಳಗೆ ಕೂರಿಸಿದ. ಒಂದು ದಿನ ಬಸ್ಸಿನವರಿಗೆ ಕಾಣಲಿ ಎಂದು ತೆಲುಗಿನಲ್ಲಿ ಬೋರ್ಡು ಬರೆಸಿ ಕಂಬಕ್ಕೆ ಕಟ್ಟಿದ: ಗೋವರ್ಧನ್ ತಾಜಾ ಆಕುಕೂರಲು. ಆಕುಕೂರ ಎಂದರೆ ಸೊಪ್ಪು. ತಾಜಾ ಸೊಪ್ಪು ಗೋವರ್ಧನನದಾಯಿತು.

ನಾಗಮಣಿ ಹೊಂಗೆಮರದ ಕೆಳಗೆ ಕೂತು ಕಟ್ಟು ಕಟ್ಟಿದಳು. ಕೀಳು, ಕಟ್ಟು, ಪೇರಿಸು, ಕೊಡು. ಮತ್ತೆ ಲೈನಿಗೆ ಬಂದು ಕೂತ ಹಾಗಾಯಿತು. ಅಲ್ಲೂ ಹೊಲಿದವರು ಇವರು, ಅಂಗಿಯ ಕತ್ತಿಗೆ ಇನ್ನೊಬ್ಬರ ಹೆಸರು. ರಾತ್ರಿ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು, ನಿದ್ದೆ ಬರುತ್ತಿತ್ತು. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು. ಆ ಹೇಸಿಗೆಯೂ ಬಹಳ ಹೊತ್ತು ಉಳಿಯುತ್ತಿರಲಿಲ್ಲ.

ಒಂದು ದಿನ ಗೋವರ್ಧನ ಬರಲಿಲ್ಲ. ಮಡಕಶಿರಕ್ಕೆ ಯಾರದೋ ಮದುವೆಗೆ ಹೋಗಿದ್ದ. ಸೂರಪ್ಪ ಫೋನು ಮಾಡಿದ. "ಬಂದೆ, ಬಂದೆ" ಎಂದ. ಗೋಣಿತಾಟಿನ ಮೇಲೆ ಮೆಂತ್ಯ, ಕೊತ್ತಂಬರಿ, ದಂಟು ಜೋಡಿಸಿತ್ತು. ಬಿಸಿಲು ಏರಿತು. ಕೊತ್ತಂಬರಿ ಮೊದಲು ಬಗ್ಗಿತು. ಆಮೇಲೆ ಮೆಂತ್ಯ ಮುದುಡಿತು. ಪಕ್ಕದಲ್ಲೇ ಬಕೆಟ್ಟಿನ ತುಂಬ ನೀರಿತ್ತು. ಮೂವರೂ ಸುತ್ತ ನಿಂತು ತಾವು ಬೆಳೆದ ಸೊಪ್ಪು ಬಾಡುವುದನ್ನು ನೋಡಿದರು. ಸೂರಪ್ಪ ಮತ್ತೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಕೆಂಪಕ್ಕ ಸೆರಗಿನಿಂದ ಸೊಪ್ಪಿಗೆ ಗಾಳಿ ಬೀಸಿದಳು. ಹೆಣದ ಮೇಲಿನ ನೊಣ ಓಡಿಸುವ ಹಾಗಿತ್ತು ಅದು.

ಆ ಹೊತ್ತಿಗೆ ಸೌಭಾಗ್ಯ ಬಂದಳು. ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಅವಳು ಕೆಟ್ಟವಳಲ್ಲ. ರಸ್ತೆಯ ಆ ಕಡೆ ಈ ಕಡೆ ನೋಡಿ, ಮರುಕದಿಂದ ಹೇಳಿದಳು: "ಅಯ್ಯೋ, ಎಲ್ಲ ಬಾಡೋಯ್ತಲ್ಲೇ ಮಣಿ. ಸರ್ಕೋ, ನಾನೇ ಒಂದಿಷ್ಟು ನೀರು ಚಿಮುಕಿಸ್ತೀನಿ. ಗೋವರ್ಧನಣ್ಣ ಬಂದ್ರೆ ನಾನೇ ಹಾಕ್ದೆ ಅಂತೀನಿ."

ಸೌಭಾಗ್ಯ ಬಕೆಟ್ಟಿನ ಕಡೆ ಬಗ್ಗಿದಳು. ಆಗ ನಾಗಮಣಿಗೆ ತನ್ನ ಎರಡೂ ಕೈ ಎಲ್ಲಿವೆ ಎಂದು ಗೊತ್ತಾಯಿತು. ಬೆನ್ನ ಹಿಂದೆ ಇದ್ದವು. ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಯಾವಾಗಿನಿಂದ ಹಾಗೆ ಹಿಡಿದುಕೊಂಡಿದ್ದಳೋ ಅವಳಿಗೇ ತಿಳಿಯದು. ಬೆರಳುಗಳಿಗೆ ಜೋಮು ಹಿಡಿದಿತ್ತು. ಈಶ್ವರಮ್ಮ ಸೊಪ್ಪು ಕೆಡವಿದಾಗ ಆಗದ್ದು, ಬೋರ್ಡು ಕಟ್ಟಿದಾಗ ಆಗದ್ದು, ಈ ಮರುಕಕ್ಕೆ ಆಯಿತು. ಅವಳಿಗೆ ಸಿಟ್ಟು ಬಂತು.

"ಬ್ಯಾಡ ಸೌಭಾಗ್ಯ" ಎಂದಳು.

ಊರಿನ ನೆಲದ ಮೇಲೆ ನಿಂತು ಅವಳು ಆ ಹೆಸರನ್ನು 'ಅಮ್ಮ' ಸೇರಿಸದೆ ಕರೆದದ್ದು ಅದೇ ಮೊದಲು. ಸೌಭಾಗ್ಯಳ ಕೈ ಅರ್ಧಕ್ಕೇ ನಿಂತಿತು.

"ನಾನು ನಿನ್ ಒಳ್ಳೇದಕ್ಕೇ ಕಣೆ..."

"ನಿನ್ ಒಳ್ಳೇತನ ನಂಗ್ ಬ್ಯಾಡ. ಬಕೆಟ್ ಬಿಡು. ನಂಗೇನು ಕೈಯಿಲ್ವ?"

ಸೂರಪ್ಪ "ಲೇ, ಲೇ" ಎನ್ನುತ್ತಿದ್ದ. ನಾಗಮಣಿ ಕುಕ್ಕರಗಾಲಲ್ಲಿ ಕೂತು ಮೊಣಕೈವರೆಗೂ ನೀರಿಗೆ ಕೈ ಹಾಕಿದಳು. ಜೋಮು ಬಿಡುವಾಗ ಸೂಜಿ ಚುಚ್ಚಿದ ಹಾಗಾಯಿತು. ಬೊಗಸೆ ಬೊಗಸೆ ಎತ್ತಿ ಹಾಕಿದಳು. ಚಿಮುಕಿಸಲಿಲ್ಲ, ಹುಯ್ದಳು. ಸೊಪ್ಪಿನ ಮೇಲೆ, ತಾಟಿನ ಮೇಲೆ, ಗೋವರ್ಧನನ ಕುರ್ಚಿಯ ಮೇಲೆ. ಸೌಭಾಗ್ಯ ಹಿಂದೆ ಸರಿದು ಊರಿನ ಕಡೆ ನಡೆದುಬಿಟ್ಟಳು.

ಗೋವರ್ಧನ ಬಂದಾಗ ಸೊಪ್ಪು ಹಸಿರಾಗಿ ನಿಂತಿತ್ತು. ಒದ್ದೆ ಕುರ್ಚಿ ನೋಡಿದ. ನಾಗಮಣಿಯ ಒದ್ದೆ ಕೈ ನೋಡಿದ. ಅವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಬೇಕಾಗಿಲ್ಲ. ಆ ಪದಗಳು ಕಾಲನಿಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಗೊತ್ತಿರುತ್ತವೆ. ಅವನು ಬೈದು ಮುಗಿಸುವವರೆಗೂ ನಾಗಮಣಿ ಕಾದಳು. ಆಮೇಲೆ ಕಂಬದಿಂದ ಬೋರ್ಡು ಬಿಚ್ಚಿ ಕುರ್ಚಿಯ ಮೇಲಿಟ್ಟಳು.

"ಬೋರ್ಡು ನಿಂದು, ಬಿಂದಿಗೆ ನಿಂದು, ಕುರ್ಚಿ ನಿಂದು. ತಗಂಡೋಗು. ಸೊಪ್ಪು ನಂದು. ಅದಕ್ಕೆ ನನ್ ಕೈ ನೀರೇ ಬೀಳೋದು. ಬ್ಯಾಡ ಅನ್ನೋರು ತಗಳೋದ್ ಬ್ಯಾಡ."

ಊರಿನವರು ತೆಗೆದುಕೊಳ್ಳಲಿಲ್ಲ. ಅದು ಗೊತ್ತಿದ್ದದ್ದೇ. ಈ ಸಲ ಅಂಗಡಿಯ ಮುಂದೆ ಬಸ್ಸು ನಿಲ್ಲಿಸುವುದೂ ನಿಂತಿತು, ಸ್ವಲ್ಪ ಮುಂದೆ ಹೋಗಿ ನಿಲ್ಲಿಸುತ್ತಿದ್ದರು. ನಾಗಮಣಿ ದಿನವೂ ಕಿತ್ತಳು, ಕಟ್ಟಿದಳು, ನೀರು ಹಾಕಿದಳು. ಸಂಜೆಯವರೆಗೂ ಸೊಪ್ಪು ಬಾಡುತ್ತಿರಲಿಲ್ಲ. ಸಂಜೆ ಹಾಗೇ ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಆ ಒಂದು ದಿನದ ಸಿಟ್ಟು ಇಳಿದುಹೋಗಿತ್ತು. ಮತ್ತೆ ಅದೇ ಮರಗಟ್ಟಿದ ಹಾಗಿತ್ತು. ಆದರೆ ಕೈ ಮಾತ್ರ ಬೆನ್ನ ಹಿಂದೆ ಹೋಗುತ್ತಿರಲಿಲ್ಲ.

ಸೂರಪ್ಪ ತಡೆಯಲಾರದೆ ಹೇಳಿದ. "ನಾಳಿಂದ ಬುಟ್ಟಿ ಬಸ್ಸಿಗೆ ಹಾಕ್ಕಂಡು ಮಡಕಶಿರಕ್ಕೆ ಹೋಗಾನ. ಅಲ್ಲಿ ಯಾರೂ ಕೇಳಲ್ಲ. ನೀರು ಹಾಕು, ಹಾಲು ಹಾಕು, ತಗತಾರೆ."

"ಅಲ್ಲಿ ಯಾಕೆ ತಗತಾರೆ?"

"ಯಾಕೆ ಅಂದ್ರೆ? ನಾವ್ಯಾರು ಅಂತ ಅಲ್ಲಿ ಯಾರಿಗ್ ಗೊತ್ತು?"

"ಅದಕ್ಕೇ ನಾನು ಬರಲ್ಲ. ಬೆಂಗ್ಳೂರಾಗೆ ಅಷ್ಟು ವರ್ಷ ಇದ್ದಿದ್ದೂ ಅಂಗೇ ಅಲ್ವ, ಯಾರು ಅಂತ ಗೊತ್ತಾಗ್ದಂಗೆ. ಇಲ್ಲಿ ಗೊತ್ತು. ಗೊತ್ತಿರೋರ ಮುಂದೇನೆ ಮಾರ್ಬೇಕು ನಾನು."

"ಮಣ್ಣು ತಿನ್ನಾನ ಹಂಗಾರೆ?" ಸೂರಪ್ಪ ಕೂಗಿದ. ಕೂಗಿ, ತಲೆ ಹಿಡಿದುಕೊಂಡು ಕೂತ. ಅವನು ಹೆದರಿದ್ದ. ಅವನನ್ನು ಹಳಿಯುವುದು ಸುಲಭ, ಹೆದರಿಸಿದವರು ಯಾರು ಎಂದು ಗೊತ್ತಿಲ್ಲದವರಿಗೆ. ಕೆಂಪಕ್ಕ ಅಂದು ಊಟ ಬಡಿಸುವಾಗ ಸೊಸೆಯ ತಟ್ಟೆಗೆ ಮೊದಲು ಮುದ್ದೆ ಹಾಕಿದಳು.

ಶುಕ್ರವಾರ ಮಧ್ಯಾಹ್ನ ಟ್ರಾಕ್ಟರು ಬಂತು. ಅದರ ಹಿಂದೆ ಲಕ್ಷ್ಮೀನರಸಪ್ಪ, ಗೋವರ್ಧನ, ಇನ್ನೂ ನಾಲ್ಕಾರು ಜನ. ರಸ್ತೆಯ ಅಂಚು ಪೊರಂಬೋಕು, ಸರ್ಕಾರದ ಜಾಗ. ಅಗಲ ಮಾಡುತ್ತಾರಂತೆ, ಗುಡಿಸಲು ಇರಕೂಡದಂತೆ. ಅದೇ ಸಾಲಿನಲ್ಲಿ ಗೌಡರ ಕಡೆಯವರ ಟೀ ಅಂಗಡಿ, ಪಂಕ್ಚರ್ ಅಂಗಡಿ ಇದ್ದವು. ಅವುಗಳ ಕಡೆ ಟ್ರಾಕ್ಟರು ಮುಖ ಮಾಡಲಿಲ್ಲ. ಕಂಬಕ್ಕೆ ಹಗ್ಗ ಬಿಗಿದು ಎಳೆದರು. ಗರಿ ಹೊದಿಕೆ ಒಂದೇ ಸಲಕ್ಕೆ ಕುಸಿಯಿತು. "ಬ್ಯಾಸರ ಮಾಡ್ಕಬ್ಯಾಡ್ಲಾ ಸೂರ, ಕಾನೂನು" ಎಂದ ಲಕ್ಷ್ಮೀನರಸಪ್ಪ. ಕಂಬಗಳನ್ನು, ಗರಿಗಳನ್ನು ಟ್ರಾಲಿಗೆ ಹಾಕಿಕೊಂಡು ಹೋದರು. ನಾಗಮಣಿ ಅಲ್ಲೇ ಇದ್ದಳು. ಬಿಸಿಲು ತಲೆಯ ಮೇಲೆ ಬಂದು ಕೂತದ್ದು ಮಾತ್ರ ಅವಳಿಗೆ ಗೊತ್ತಾಯಿತು.

ಮಾರನೆಯ ಬೆಳಗ್ಗೆ ಅವಳು ಸೊಪ್ಪು ಕಿತ್ತು ಬುಟ್ಟಿಗೆ ಹಾಕಿಕೊಂಡಳು. ಒಂದು ಬಕೆಟ್ಟು ಹಿಡಿದುಕೊಂಡು ತಿರುಗಿದರೆ, ಹಿಂದೆ ಕೆಂಪಕ್ಕ ಇನ್ನೊಂದು ಬಕೆಟ್ಟು ಎತ್ತಿಕೊಂಡು, ಬಾಗಿದ ಸೊಂಟದಲ್ಲೇ ನೀರು ತುಳುಕಿಸುತ್ತಾ ಬರುತ್ತಿದ್ದಳು. ಕಂಬ ಕಿತ್ತ ಗುಂಡಿಗಳ ನಡುವೆ, ಅದೇ ಜಾಗದಲ್ಲಿ, ಬರೀ ನೆಲದ ಮೇಲೆ ತಾಟು ಹಾಸಿ ಇಬ್ಬರೂ ಕೂತರು. ಸ್ವಲ್ಪ ಹೊತ್ತಿಗೆ ಸೂರಪ್ಪನೂ ಬಂದು ಬದುವಿನ ಕಲ್ಲಿನ ಮೇಲೆ ಕೂತ. ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ.

ನಿಲ್ದಾಣದಲ್ಲಿ ಜನ ಸೇರಿದರು. ಯಾರೂ ಬೈಯಲಿಲ್ಲ, ಯಾರೂ ಹತ್ತಿರ ಬರಲಿಲ್ಲ. ಬೆಳಗಿನ ಬಸ್ಸು ಹಾದು ಹೋಯಿತು. ಲಕ್ಷ್ಮೀನರಸಪ್ಪ ಹೊಲದ ಕಡೆ ಹೊರಟವನು ಇವರನ್ನು ನೋಡಿ ಬೈಕು ನಿಲ್ಲಿಸಿದ. ತಾಟಿನ ಅಂಚಿಗೇ ತಂದು ನಿಲ್ಲಿಸಿದ. ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದ.

"ಇನ್ನೂ ಯಾಕಮ್ಮ ಕೂತಿದ್ದೀಯ?" ಅವನ ದನಿಯಲ್ಲಿ ನಿಜವಾಗಿಯೂ ಆಶ್ಚರ್ಯವಿತ್ತು. "ಗುಡಿಸ್ಲು ಹೋಯ್ತು. ತಗಳೋರು ಒಬ್ರಿಲ್ಲ. ಈ ಬಿಸ್ಲಾಗೆ ಯಾರಿಗೆ ಅಂತ ಕೂತಿದ್ದೀಯ?"

ನಾಗಮಣಿ ತಲೆ ಎತ್ತಿದಳು. ದನಿ ಏರಿಸಲಿಲ್ಲ.

"ನೆರಳು ನೀವೇ ಕಿತ್ಕಂಡು ಹೋದ್ರಲ್ಲ ಗೌಡ್ರೆ. ಇನ್ಮೇಲೆ ಗಳಿಗೆ ಗಳಿಗೆಗೂ ನೀರು ಹಾಕ್ಬೇಕು, ಇಲ್ದಿದ್ರೆ ಬಾಡ್ತದೆ. ಒಂಚೂರು ಆ ಕಡೆ ಸರ್ಕಳಿ, ಸಿಡೀತದೆ."

ಅವಳು ಬಕೆಟ್ಟಿಗೆ ಕೈ ಹಾಕಿ ಬೊಗಸೆ ತುಂಬ ನೀರೆತ್ತಿದಳು. ಬೆರಳ ಸಂದಿನಿಂದ ನೀರು ಸೋರುತ್ತಿತ್ತು. ಲಕ್ಷ್ಮೀನರಸಪ್ಪ ಆ ಕೈಗಳನ್ನು ನೋಡಿದ, ತನ್ನ ಪಂಚೆ ನೋಡಿಕೊಂಡ. ನಿಲ್ದಾಣದಲ್ಲಿ ಊರೆಲ್ಲ ನೋಡುತ್ತಿತ್ತು. ಪಂಚೆ ಎತ್ತಿ ಹಿಡಿದು, ಕಾಲಿನಿಂದ ತಳ್ಳಿಕೊಳ್ಳುತ್ತಾ ಅವನು ಬೈಕನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ, ರಸ್ತೆಯ ಆಚೆ ಬದಿಯವರೆಗೂ ಸರಿಸಿಕೊಂಡು ಹೋದ.

ಕೆಂಪಕ್ಕ ಅವನು ಸರಿಯುವುದನ್ನು ಕೊನೆಯವರೆಗೂ ನೋಡಿದಳು. ಆಮೇಲೆ ತಾನೂ ತನ್ನ ಬಕೆಟ್ಟಿಗೆ ಕೈ ಹಾಕಿದಳು.